ಗಗನಸಾರಥಿಗಳ ದುಡಿಮೆ ಮತ್ತು ದಣಿವು

ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೂ ದುಡಿಮೆಯ ದೂರು ಇರಬಹುದೇ ಎಂಬ ಪ್ರಶ್ನೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಸಹಜವಾಗಿಯೇ ಏಳುತ್ತದೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ಅಗ್ಗದರದ ವಿಮಾನಸಂಸ್ಥೆಯಾದ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿದಾಗ, ನಿಲ್ದಾಣಗಳಲ್ಲಿ ಜನರು ಪೆಟ್ಟಿಗೆಗಳಿಗೆ ಒರಗಿಕೊಂಡು ರಾತ್ರಿ ಕಳೆಯಬೇಕಾಗಿ ಬಂದಾಗ, ಈ ಪ್ರಶ್ನೆ ಇನ್ನಷ್ಟು ಬಿರುಸಾಗಿ ಕೇಳಿಬಂತು. ಆ ದಿನಗಳು ಲಗ್ನದ ದಿನಗಳು. ಕಲ್ಯಾಣಮಂಟಪಗಳಲ್ಲಿ ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲರ ಬಾಯಲ್ಲಿ ಒಂದೇ ಮಾತು: ಪೈಲಟ್ಟುಗಳಿಗೆ ಹೆಚ್ಚು ವಿಶ್ರಾಂತಿ ಕೊಡಲು ಹೋಗಿ ಪ್ರಯಾಣಿಕರಿಗೆ ಈ ಗತಿ ಬಂತು. ನನಗೆ ಆ ಮಾತು ಹಿಡಿಸಲಿಲ್ಲ. ಹಿಡಿಸದಿರಲು ನನಗೆ ಎರಡು ಕಾರಣಗಳಿವೆ. ಒಂದು ನನ್ನ ವೃತ್ತಿಗೆ ಸಂಬಂಧಿಸಿದ್ದು, ಇನ್ನೊಂದು ನನ್ನ ಮನೆತನಕ್ಕೆ ಸಂಬಂಧಿಸಿದ್ದು.

ನಾನು ಮೂವತ್ತೆರಡು ವರ್ಷಗಳ ಕಾಲ ಬಸ್ಸಿನ ಡಿಪೋ ಒಂದರಲ್ಲಿ ಚಾಲಕರ ಮತ್ತು ನಿರ್ವಾಹಕರ ಕರ್ತವ್ಯಪಟ್ಟಿ ಬರೆಯುತ್ತಿದ್ದವನು. ಇಂದು ಗಣಕಯಂತ್ರವು ಕ್ಷಣದಲ್ಲಿ ಮಾಡುವ ಈ ಕೆಲಸವನ್ನು ಆಗ ನಾವು ಉದ್ದನೆಯ ಪುಸ್ತಕದಲ್ಲಿ, ಸೀಸದ ಕಡ್ಡಿಯಿಂದ, ಅಳಿಸಿ ಅಳಿಸಿ ಮಾಡುತ್ತಿದ್ದೆವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ನಮ್ಮ ಮೇಜಿನ ಮೇಲೆ ಸದಾ ಇರುತ್ತಿತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ನಡುವೆ ಎಷ್ಟೇ ಬಿಡುವಿದ್ದರೂ ಕೆಲಸ ಆರಂಭವಾದಲ್ಲಿಂದ ಮುಗಿಯುವವರೆಗಿನ ಒಟ್ಟು ಹರವು ಹನ್ನೆರಡು ಗಂಟೆಗೆ ಮೀರಬಾರದು ಎಂಬುದು ಅದರ ಸಾಮಾನ್ಯ ಕಟ್ಟಳೆ. ಕರ್ತವ್ಯಪಟ್ಟಿ ಎಂಬುದು ನೋಡಲು ಬರಿಯ ಅಂಕಿಗಳ ಕೋಷ್ಟಕ. ಆದರೆ ಅದರ ಒಂದೊಂದು ಚೌಕದಲ್ಲಿ ಒಬ್ಬ ಮನುಷ್ಯನ ನಿದ್ರೆ, ಅವನ ಮಗುವಿನ ನಾಮಕರಣ, ಅವನ ತಾಯಿಯ ಆಸ್ಪತ್ರೆಯ ದಿನ ಅಡಗಿರುತ್ತವೆ. ಸಂಬಳಕ್ಕಾಗಿ ಜಗಳವಾಡಿದ ಚಾಲಕರಿಗಿಂತ ಪಟ್ಟಿಗಾಗಿ ಜಗಳವಾಡಿದವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಎರಡನೆಯ ಕಾರಣ ನನ್ನ ತಮ್ಮನ ಮಗಳು. ಆಕೆ ಒಂದು ಅಗ್ಗದರದ ವಿಮಾನಸಂಸ್ಥೆಯಲ್ಲಿ ಸಹವೈಮಾನಿಕಳು. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳಲ್ಲಿ ಚೆನ್ನಾಗಿ ತೇರ್ಗಡೆಯಾದ ಹುಡುಗಿ ಇಂಜಿನಿಯರಿಂಗ್ ಬೇಡ, ವಿಮಾನ ಹಾರಿಸುವುದನ್ನೇ ಕಲಿಯುವೆನೆಂದಾಗ ಮನೆಯ ಹಿರಿಯರು ಮೊದಲು ನಕ್ಕರು, ಅನಂತರ ಮೌನವಾದರು. ವಾಣಿಜ್ಯ ವೈಮಾನಿಕರ ಪರವಾನಗಿ ಪಡೆಯಲು ಇನ್ನೂರು ಗಂಟೆಗಳ ಹಾರಾಟ ಆಗಬೇಕು. ಅಷ್ಟರಿಂದಲೇ ಕೆಲಸ ದೊರೆಯುವುದಿಲ್ಲ. ಏರ್‌ಬಸ್ಸೋ ಬೋಯಿಂಗೋ, ಯಾವುದಾದರೊಂದು ಜಾತಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ ಪಡೆಯಬೇಕು. ಇಂದಿನ ಲೆಕ್ಕದಲ್ಲಿ ಇದೆಲ್ಲ ಐವತ್ತು ಲಕ್ಷದಿಂದ ಒಂದು ಕೋಟಿಯನ್ನೂ ಮೀರುವ ಖರ್ಚು. ತಮ್ಮನು ಮಲಪ್ರಭೆಯ ನೀರಾವರಿಗೆ ಸಿಕ್ಕ ಜಮೀನಿನಲ್ಲಿ ಎರಡು ಎಕರೆ ಮಾರಿದ, ಉಳಿದುದಕ್ಕೆ ಬ್ಯಾಂಕಿನ ಸಾಲ ಮಾಡಿದ. ಆಕೆಯ ಸಂಬಳದ ಮೊದಲ ಹಲವು ವರ್ಷಗಳು ಆ ಸಾಲದ ಕಂತಿಗೇ ಸಂದವು. ಲಕ್ಷಗಟ್ಟಲೆ ಸಂಬಳ ಎನ್ನುವವರು ಈ ಖರ್ಚಿನ ಪುಟವನ್ನೂ ತೆರೆದು ನೋಡಬೇಕೆಂದು ನನ್ನ ಅಭಿಪ್ರಾಯ. ಇದರ ಮೇಲೆ, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ. ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ. ಕಿವಿಯಲ್ಲೋ ಹೃದಯದಲ್ಲೋ ಒಂದು ದೋಷ ಕಂಡರೆ ಅಂದಿಗೆ ಆ ಉದ್ಯೋಗ ನಿಂತಂತೆಯೇ. ಗುಮಾಸ್ತನಾಗಿದ್ದ ನನಗೆ ಕನ್ನಡಕ ಬಂದಾಗ ಯಾರೂ ಕೆಲಸದಿಂದ ಕೆಳಗಿಳಿಸಲಿಲ್ಲ.

ಆಕೆ ಊರಿಗೆ ಬಂದಾಗಲೆಲ್ಲ ನಾನು ಕೇಳುವ ಮೊದಲ ಮಾತು, "ಪಟ್ಟಿ ಹೇಗಿದೆ?" ಎಂಬುದೇ. ಆಕೆಯೂ ನಗುತ್ತಾ ಮೊಬೈಲಿನಲ್ಲಿ ತನ್ನ ರೋಸ್ಟರನ್ನು ತೆರೆದು ತೋರಿಸುತ್ತಾಳೆ. ಬೆಳಗಿನ ಜಾವ ಐದಕ್ಕೆ ಹೊರಡುವ ವಿಮಾನಕ್ಕಾಗಿ ಎರಡು ಗಂಟೆಗೇ ಏಳಬೇಕು. ಅಂಥ ಎರಡು ದಿನಗಳಾದ ಮೇಲೆ ಮಧ್ಯಾಹ್ನದ ಪಾಳಿ, ಅದರ ಮೇಲೆ ನಡುರಾತ್ರಿಯ ಪಾಳಿ. ಗಂಟೆಗಳನ್ನು ಕೂಡಿಸಿದರೆ ನಿಯಮದ ಒಳಗೇ ಇದೆ. ಆದರೆ ಮನುಷ್ಯನ ದೇಹವು ಗಂಟೆಗಳನ್ನು ಕೂಡಿಸುವುದಿಲ್ಲ. ಅದು ಹಗಲು ರಾತ್ರಿಗಳನ್ನು ನೋಡುತ್ತದೆ. ಡಿಪೋದಲ್ಲಿ ನಾವು ಇದನ್ನು ಅನುಭವದಿಂದ ಬಲ್ಲೆವು. ರಾತ್ರಿಯ ಬಸ್ಸಿಗೆ ಹಾಕಿದ ಚಾಲಕನನ್ನು ಮರುದಿನ ಬೆಳಗಿನ ಬಸ್ಸಿಗೆ ಹಾಕಬಾರದೆಂದು ನಮ್ಮ ಹಿರಿಯ ಗುಮಾಸ್ತರೊಬ್ಬರು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಟ್ಟಿದ್ದರು. ಆಕೆಗೆ ವರ ನೋಡುವ ಕಾಲದಲ್ಲಿ ಒಂದು ಮನೆಯವರು, "ಹುಡುಗಿ ರಾತ್ರಿ ಮನೆಯಲ್ಲಿ ಇರುವುದಿಲ್ಲವಂತೆ" ಎಂದು ಹೇಳಿ ಎದ್ದುಹೋದದ್ದೂ ಉಂಟು. ಆ ಸಂಬಂಧ ತಪ್ಪಿದ್ದೇ ಒಳಿತಾಯಿತು. ಈಗಿನ ಅಳಿಯ ತಾನೇ ಅಡುಗೆ ಮಾಡಿ, ಮಗುವನ್ನು ಮಲಗಿಸುವ ಸಾತ್ವಿಕ ಸ್ವಭಾವದವನು.

ಅಗ್ಗದರದ ವಿಮಾನ ಎಂಬ ಕಲ್ಪನೆಯನ್ನು ನಾನು ಹಳಿಯುವವನಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ 1971ರಲ್ಲಿ ಹಾರಾಟ ಆರಂಭಿಸಿದ ಸೌತ್‌ವೆಸ್ಟ್ ಸಂಸ್ಥೆ ಅದರ ಮೂಲಪಾಠವನ್ನು ಬರೆಯಿತು: ಒಂದೇ ಜಾತಿಯ ವಿಮಾನಗಳು, ಊಟೋಪಚಾರದ ಆಡಂಬರವಿಲ್ಲ, ನೆಲಕ್ಕಿಳಿದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಆಕಾಶಕ್ಕೆ. ನಿಂತ ವಿಮಾನ ದುಡಿಯುವುದಿಲ್ಲ ಎಂಬುದೇ ಅದರ ಸಾರ. ನಮ್ಮ ದೇಶಕ್ಕೆ ಆ ಪಾಠವನ್ನು ತಂದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಬೆಂಗಳೂರಿನಿಂದ ಅವರು ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆಯ ಚಿಕ್ಕ ಎಟಿಆರ್ ವಿಮಾನಗಳು ಹುಬ್ಬಳ್ಳಿಯಂಥ ಊರುಗಳಿಗೂ ಬಂದಿಳಿದವು. ಅದುವರೆಗೆ ವಿಮಾನವನ್ನು ತಲೆಯೆತ್ತಿ ಮಾತ್ರ ನೋಡಿದ್ದ ಕುಟುಂಬಗಳು ಅದರ ಮೆಟ್ಟಿಲು ಹತ್ತಿದವು. ಇಂದು ಕೇದಾರಯಾತ್ರೆಗೆ ಹೊರಡುವ ನಮ್ಮ ಮನೆಗಳ ವೃದ್ಧರು ದೆಹಲಿಯವರೆಗೆ ಎರಡು ದಿನ ರೈಲಿನಲ್ಲಿ ಬಳಲದೆ ಎರಡೂವರೆ ಮೂರು ಗಂಟೆಗಳಲ್ಲಿ ತಲುಪುತ್ತಿರುವುದು ಆ ಪಾಠದ ಫಲವೇ. ಆದರೆ ನಿಂತ ವಿಮಾನ ದುಡಿಯುವುದಿಲ್ಲ ಎಂಬ ಸೂತ್ರವನ್ನು ವಿಮಾನದಿಂದ ಮನುಷ್ಯನಿಗೆ ಅನ್ವಯಿಸಿದಲ್ಲಿ ತೊಡಕು ಆರಂಭವಾಗುತ್ತದೆ. ಇಂಧನದ ಬೆಲೆ ಸಂಸ್ಥೆಯ ಕೈಯಲ್ಲಿಲ್ಲ, ವಿಮಾನದ ಬಾಡಿಗೆಯೂ ಇಲ್ಲ, ನಿಲ್ದಾಣದ ಶುಲ್ಕವೂ ಇಲ್ಲ. ಕೈಯಲ್ಲಿರುವುದು ಸಿಬ್ಬಂದಿಯ ಸಂಬಳ ಮತ್ತು ಸಮಯ. ಆದ್ದರಿಂದ ಹಿಡಿತ ಬಿಗಿಯಾಗುವುದು ಅಲ್ಲಿಯೇ.

ವೇತನದ ಪದ್ಧತಿಯನ್ನೂ ಒಂದಿಷ್ಟು ಹೇಳಬೇಕು. ಬಹುತೇಕ ಸಂಸ್ಥೆಗಳಲ್ಲಿ ಪೈಲಟ್ಟಿನ ಆದಾಯದ ದೊಡ್ಡ ಭಾಗ ಹಾರಾಟದ ಗಂಟೆಗಳನ್ನು ಅವಲಂಬಿಸಿರುತ್ತದೆ. ವಿಮಾನದ ಚಕ್ರದಡಿಯ ತಡೆಗಳನ್ನು ತೆಗೆದಲ್ಲಿಂದ ಮತ್ತೆ ಇಡುವವರೆಗಿನ ವೇಳೆಯೇ ಆ ಗಂಟೆ. ಅದಕ್ಕೆ ಮುಂಚೆ ಹವಾಮಾನದ ವರದಿ ಓದುವುದು, ಇಂಧನದ ಲೆಕ್ಕ ಹಾಕುವುದು, ಮಂಜು ಕವಿದ ನಿಲ್ದಾಣದಲ್ಲಿ ಮೂರು ಗಂಟೆ ಕಾಯುವುದು, ಇವು ಕರ್ತವ್ಯದ ಅವಧಿಗೆ ಸೇರುತ್ತವೆಯೇ ಹೊರತು ಹಾರಾಟದ ಗಂಟೆಗೆ ಸೇರುವುದಿಲ್ಲ. ತಿಂಗಳಿಗೆ ಇಂತಿಷ್ಟು ಗಂಟೆಗಳ ವೇತನವನ್ನು ಹಾರಿದರೂ ಹಾರದಿದ್ದರೂ ಕೊಡಬೇಕೆಂಬ ಖಾತರಿ ಇದ್ದರೆ ಮನೆ ನಡೆಯುತ್ತದೆ. ಆ ಖಾತರಿಯ ಗಂಟೆಗಳನ್ನು ಕಡಿಮೆ ಮಾಡಿದರೆ ವೇತನದ ದರವನ್ನು ಮುಟ್ಟದೆಯೇ ವೇತನವನ್ನು ಇಳಿಸಿದಂತಾಗುತ್ತದೆ. ಸಂಧಾನದ ಮೇಜಿನಲ್ಲಿ ನಿಜವಾದ ಹೋರಾಟ ನಡೆಯುವುದು ಇಂಥ ಸಣ್ಣ ಅಕ್ಷರಗಳ ಮೇಲೆ.

ದಣಿವಿನ ಮಾತು ಬಂದಾಗ ಕನ್ನಡಿಗರು ಮಂಗಳೂರನ್ನು ಮರೆಯಲಾಗದು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ತನಿಖೆಯ ವರದಿಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಅಂಶವೊಂದಿತ್ತು. ಸುಮಾರು ಎರಡು ಗಂಟೆ ಐದು ನಿಮಿಷಗಳ ಧ್ವನಿಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕಮಾಂಡರು ನಿದ್ರೆಯಲ್ಲಿದ್ದರು. ಗಾಢನಿದ್ರೆಯಿಂದ ಎದ್ದ ಮನುಷ್ಯನ ಬುದ್ಧಿ ಕೆಲಹೊತ್ತು ಮಬ್ಬಾಗಿರುತ್ತದೆ. ಇಳಿಯುವ ಎತ್ತರ ತಪ್ಪಾಗಿದೆ, ಮತ್ತೆ ಮೇಲೇರೋಣ ಎಂದು ಸಹವೈಮಾನಿಕರು ಮೂರು ಬಾರಿ ಹೇಳಿದರೂ ಆ ಮಾತು ನಾಟಲಿಲ್ಲ. ಒಂದು ಮಾತು ಇಲ್ಲಿ ಸ್ಪಷ್ಟಪಡಿಸಬೇಕು. ಆ ಕಮಾಂಡರು ರಜೆ ಮುಗಿಸಿ ಕೆಲವೇ ದಿನಗಳ ಹಿಂದೆ ಬಂದವರು. ಆದ್ದರಿಂದ ಅದನ್ನು ಅತಿದುಡಿಮೆಯ ಫಲ ಎಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. ಆದರೆ ರಾತ್ರಿಯ ಆ ಹೊತ್ತಿನಲ್ಲಿ ದೇಹದ ಎಚ್ಚರ ಅತ್ಯಂತ ಕೆಳಮಟ್ಟದಲ್ಲಿರುತ್ತದೆ ಎಂಬುದನ್ನು ಆ ವರದಿ ಎತ್ತಿ ಹೇಳಿತು. ರಜೆಯಿಂದ ಬಂದವರ ಸ್ಥಿತಿಯೇ ಹೀಗಾದರೆ, ಸತತವಾಗಿ ಆರು ದಿನ ದುಡಿದು ಬಂದವರದು ಹೇಗಿದ್ದೀತು?

ಇನ್ನು ಸಂಧಾನದ ವಿಷಯ. ಇದರಲ್ಲಿ ಅತ್ಯಂತ ಬೋಧಪ್ರದವಾದ ಪ್ರಸಂಗ ನಡೆದದ್ದು ಯುರೋಪಿನಲ್ಲಿ, ಐರ್ಲೆಂಡಿನ ರಯಾನ್‌ಏರ್ ಸಂಸ್ಥೆಯಲ್ಲಿ. 1985ರಲ್ಲಿ ಹದಿನೈದು ಆಸನಗಳ ಪುಟ್ಟ ವಿಮಾನದಿಂದ ಆರಂಭವಾದ ಈ ಸಂಸ್ಥೆ ಯುರೋಪಿನ ಅತಿ ದೊಡ್ಡ ಅಗ್ಗದರದ ಸಂಸ್ಥೆಯಾಗಿ ಬೆಳೆಯಿತು. 1994ರಿಂದ ಅದರ ಚುಕ್ಕಾಣಿ ಹಿಡಿದ ಮೈಕೆಲ್ ಓ'ಲಿಯರಿಯವರು ಕಾರ್ಮಿಕ ಸಂಘ ಎಂಬ ಮಾತನ್ನೇ ಬಾಗಿಲೊಳಗೆ ಬಿಟ್ಟುಕೊಳ್ಳದವರೆಂದು ಹೆಸರಾಗಿದ್ದರು. ಅಲ್ಲಿಯ ಅನೇಕ ಪೈಲಟ್ಟುಗಳು ಸಂಸ್ಥೆಯ ನೌಕರರೇ ಆಗಿರಲಿಲ್ಲ. ಮಧ್ಯವರ್ತಿ ಏಜೆನ್ಸಿಗಳ ಮೂಲಕ, ತಾವೇ ಒಂದೊಂದು ಚಿಕ್ಕ ಕಂಪನಿ ಎಂಬ ಲೆಕ್ಕದಲ್ಲಿ, ಹಾರಿದ ಗಂಟೆಗೆ ಹಣ ಪಡೆಯುತ್ತಿದ್ದರು. ಹಾರದ ದಿನಕ್ಕೆ ಹಣವಿಲ್ಲ, ಕಾಯಿಲೆಯ ದಿನಕ್ಕೆ ಹಣವಿಲ್ಲ. ಎಂಬತ್ತಕ್ಕೂ ಹೆಚ್ಚು ನೆಲೆಗಳಲ್ಲಿ ಚದುರಿಹೋಗಿದ್ದ ಪೈಲಟ್ಟುಗಳೊಡನೆ ಸಂಸ್ಥೆ ಒಂದೊಂದು ನೆಲೆಯ ಸಮಿತಿಯನ್ನು ಬೇರೆ ಬೇರೆಯಾಗಿ ಕರೆದು ಒಪ್ಪಂದ ಮಾಡಿಕೊಳ್ಳುತ್ತಿತ್ತು. ಕೂಡುಕುಟುಂಬದ ಸಹೋದರರನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಲುಪತ್ರಕ್ಕೆ ರುಜು ಹಾಕಿಸಿಕೊಂಡಂತೆ ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು.

ಈ ಕೋಟೆ ಬಿರುಕು ಬಿಟ್ಟದ್ದು ಮುಷ್ಕರದಿಂದಲ್ಲ, ರಜೆಯ ಪಟ್ಟಿಯಿಂದ! ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇದ್ದ ರಜೆಯ ವರ್ಷವನ್ನು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕಕ್ಕೆ ಬದಲಾಯಿಸಬೇಕಾಗಿ ಬಂದಾಗ, ವರ್ಷದ ರಜೆಗಳೆಲ್ಲ ಕೊನೆಯ ತಿಂಗಳುಗಳಲ್ಲಿ ಒತ್ತೊತ್ತಾಗಿ ಬಂದವು. 2017ರ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿನಕ್ಕೆ ನಲವತ್ತು ಐವತ್ತು ಹಾರಾಟಗಳಂತೆ ಆರು ವಾರಗಳಲ್ಲಿ ಸುಮಾರು ಎರಡು ಸಾವಿರ ಹಾರಾಟಗಳನ್ನು ರದ್ದುಮಾಡಿತು. ಅದೇ ತಿಂಗಳ ಕೊನೆಗೆ, ಚಳಿಗಾಲದ ಇನ್ನೂ ಹದಿನೆಂಟು ಸಾವಿರ ಹಾರಾಟಗಳನ್ನು ಕೈಬಿಡುವುದಾಗಿ ಸಾರಿತು. ರಜೆ ಬಿಟ್ಟುಕೊಟ್ಟು ಹಾರುವ ಕ್ಯಾಪ್ಟನ್ನರಿಗೆ 12,000 ಪೌಂಡುಗಳವರೆಗೆ ಬೋನಸ್ಸು ಕೊಡುವೆವೆಂದು ಆಸೆ ತೋರಿಸಿತು. ಹಲವು ನೆಲೆಗಳ ಪೈಲಟ್ಟುಗಳು ಆ ಹಣವನ್ನು ಬೇಡವೆಂದರು. ಈ ಸಂಗತಿಯನ್ನು ಓದಿದಾಗ ನನಗೆ ಅವರ ಮೇಲೆ ಗೌರವ ಮೂಡಿತು. ಅವರು ಕೇಳಿದ್ದು ಒಂದು ಬಾರಿಯ ಬೋನಸ್ಸನ್ನಲ್ಲ. ಸಂಸ್ಥೆಯ ನೌಕರರೆಂಬ ಶಾಶ್ವತ ಕರಾರನ್ನು, ತಾವು ದುಡಿಯುವ ದೇಶದ ಕಾನೂನಿನ ರಕ್ಷಣೆಯನ್ನು, ಎಲ್ಲ ನೆಲೆಗಳ ಪರವಾಗಿ ಒಟ್ಟಾಗಿ ಮಾತನಾಡುವ ಹಕ್ಕನ್ನು. ಅದೇ ಸೆಪ್ಟೆಂಬರಿನಲ್ಲಿ ಯುರೋಪಿನ ನ್ಯಾಯಾಲಯವೂ ಒಂದು ತೀರ್ಪಿತ್ತಿತ್ತು. ಬೆಲ್ಜಿಯಮ್ಮಿನ ನೆಲೆಯೊಂದರಲ್ಲಿ ದುಡಿಯುವ ಗಗನಸಖಿಯರು ದಾವೆ ಹೂಡಲು ಐರ್ಲೆಂಡಿಗೇ ಹೋಗಬೇಕಾಗಿಲ್ಲ, ತಮ್ಮ ನೆಲೆಯ ದೇಶದ ನ್ಯಾಯಾಲಯಕ್ಕೂ ಹೋಗಬಹುದು ಎಂಬುದು ಅದರ ತಾತ್ಪರ್ಯ. ಇತರ ಸಂಸ್ಥೆಗಳಲ್ಲಿಯೂ ಆಗ ಪೈಲಟ್ಟುಗಳಿಗೆ ಬೇಡಿಕೆಯಿದ್ದುದರಿಂದ ಕೆಲಸ ಬಿಟ್ಟು ಹೋಗುವವರಿಗೆ ದಾರಿಯಿತ್ತು. ಕಾನೂನು, ಬೇಡಿಕೆ, ಒಗ್ಗಟ್ಟು ಈ ಮೂರೂ ಒಂದೇ ಋತುವಿನಲ್ಲಿ ಕೂಡಿಬಂದುದು ಅವರ ಅದೃಷ್ಟ.

ಆ ವರ್ಷದ ಕ್ರಿಸ್‌ಮಸ್ಸಿಗೆ ಮುಂಚೆ ಐರ್ಲೆಂಡ್, ಜರ್ಮನಿ, ಇಟಲಿ ಮುಂತಾದ ದೇಶಗಳ ಪೈಲಟ್ಟುಗಳು ಮುಷ್ಕರದ ಎಚ್ಚರಿಕೆ ಕೊಟ್ಟರು. ಡಿಸೆಂಬರ್ 15ರಂದು ಸಂಸ್ಥೆ ತನ್ನ ಮೂವತ್ತೆರಡು ವರ್ಷಗಳ ಹಟವನ್ನು ಬಿಟ್ಟು, ಪೈಲಟ್ಟುಗಳ ಸಂಘಗಳನ್ನು ಮಾನ್ಯಮಾಡುವುದಾಗಿ ಘೋಷಿಸಿತು. ಆದರೂ ಜರ್ಮನಿಯ ಪೈಲಟ್ಟುಗಳು ಒಂದು ವಾರದ ಬಳಿಕ ನಾಲ್ಕು ಗಂಟೆಗಳ ಮುಷ್ಕರ ಮಾಡಿಯೇ ಬಿಟ್ಟರು. ಮಾನ್ಯತೆ ದೊರೆತೊಡನೆ ಎಲ್ಲವೂ ಬಗೆಹರಿಯಿತೆಂದಲ್ಲ. 2018ರ ಬೇಸಿಗೆಯಲ್ಲಿ ಐರ್ಲೆಂಡಿನ ಪೈಲಟ್ಟುಗಳು ಐದು ಸಲ ಮುಷ್ಕರ ಹೂಡಿದರು. ಆಗಸ್ಟ್ 10ರಂದು ಐದು ದೇಶಗಳ ಪೈಲಟ್ಟುಗಳು ಒಂದೇ ದಿನ ಕೆಲಸ ನಿಲ್ಲಿಸಿ, ಸುಮಾರು ನಾನೂರು ಹಾರಾಟಗಳು ರದ್ದಾದವು. ಸಂಸ್ಥೆ ಡಬ್ಲಿನ್ನಿನ ವಿಮಾನಗಳನ್ನು ಪೋಲೆಂಡಿಗೆ ಒಯ್ಯುವೆನೆಂದೂ, ನೂರು ಪೈಲಟ್ಟುಗಳೂ ಸೇರಿ ಮುನ್ನೂರು ಮಂದಿಯ ಕೆಲಸ ಹೋದೀತೆಂದೂ ನೋಟಿಸು ಕೊಟ್ಟಿತು. ಕೊನೆಗೆ ಕೀರನ್ ಮಲ್ವಿ ಎಂಬ ಅನುಭವಿ ಮಧ್ಯಸ್ಥರ ಮುಂದೆ ಎರಡೂ ಪಕ್ಷಗಳು ಕುಳಿತು, ಇಪ್ಪತ್ತೆರಡು ಗಂಟೆಗಳ ಕಾಲ ಎಡೆಬಿಡದೆ ಚರ್ಚಿಸಿ, ಆಗಸ್ಟ್ 23ರ ಬೆಳಗ್ಗೆ ಒಪ್ಪಂದಕ್ಕೆ ಬಂದವು. ನೋಟಿಸುಗಳು ಹಿಂದಕ್ಕೆ ಹೋದವು. ಇಷ್ಟೆಲ್ಲ ಜಗ್ಗಾಟ ಯಾವುದಕ್ಕಾಗಿ ಎಂದು ಕೇಳಿದರೆ ಓದುಗರಿಗೆ ಆಶ್ಚರ್ಯವಾದೀತು. ಮುಖ್ಯ ವಿವಾದ ಸಂಬಳದ್ದಾಗಿರಲಿಲ್ಲ. ರಜೆ ಯಾರಿಗೆ ಮೊದಲು, ಬಯಸಿದ ಊರಿನ ನೆಲೆಗೆ ವರ್ಗಾವಣೆ ಯಾರಿಗೆ ಮೊದಲು, ಬಡ್ತಿ ಯಾರಿಗೆ ಮೊದಲು ಎಂಬುದನ್ನು ಮೇಲಧಿಕಾರಿಯ ಮರ್ಜಿಗೆ ಬಿಡದೆ ಸೇವಾಜ್ಯೇಷ್ಠತೆಯ ನಿಯಮದಿಂದ ನಿರ್ಧರಿಸಬೇಕು ಎಂಬುದೇ ಅವರ ಬೇಡಿಕೆ. ನನ್ನ ಡಿಪೋದ ಚಾಲಕರು ಕೇಳುತ್ತಿದ್ದುದೂ ಇದನ್ನೇ ಅಲ್ಲವೇ! ಸಾವಿರಾರು ಮೈಲಿ ದೂರದ, ನಾನು ಕಾಣದ ಆ ಜನ ಅಂದಿನಿಂದ ನನಗೆ ಹತ್ತಿರದವರಾದರು.

ಅದೇ ಬ್ರಿಟನ್ನಿನ ರಯಾನ್‌ಏರ್ ಪೈಲಟ್ಟುಗಳು 2020ರಲ್ಲಿ ಕೊರೋನಾ ರೋಗದಿಂದ ವಿಮಾನಗಳೆಲ್ಲ ನೆಲ ಹಿಡಿದಾಗ, ಸಹೋದ್ಯೋಗಿಗಳ ಕೆಲಸ ಉಳಿಯಲೆಂದು ಶೇಕಡಾ 20ರ ವೇತನಕಡಿತಕ್ಕೆ ಮತ ಹಾಕಿ ಒಪ್ಪಿದರು. ನಾಲ್ಕು ವರ್ಷಗಳಲ್ಲಿ ಅದನ್ನು ಹಿಂದಿರುಗಿಸುವುದೆಂದು ಒಪ್ಪಂದವಾಗಿತ್ತು. ಸಂಘವೆಂದರೆ ಕೇಳುವುದು ಮಾತ್ರ ಎಂದು ತಿಳಿದವರಿಗೆ ಇದು ಉತ್ತರವಾಗಬಲ್ಲುದು. ಸೌತ್‌ವೆಸ್ಟಿನಲ್ಲಿ ಇದಕ್ಕಿಂತ ಹಳೆಯ ನಿದರ್ಶನವಿದೆ. ಅಲ್ಲಿ ಪೈಲಟ್ಟುಗಳ ಸಂಘ ಬಹುಕಾಲದಿಂದಲೂ ಇದ್ದೇ ಇತ್ತು. 1995ರಲ್ಲಿ ಅವರು ಹತ್ತು ವರ್ಷಗಳ ಒಪ್ಪಂದಕ್ಕೆ ರುಜು ಹಾಕಿ, ಮೊದಲ ಐದು ವರ್ಷ ವೇತನ ಹೆಚ್ಚಳ ಬೇಡವೆಂದು ಒಪ್ಪಿ, ಬದಲಿಗೆ ಕಂಪನಿಯ ಷೇರುಗಳ ಹಕ್ಕನ್ನು ಪಡೆದರು. ಅದರ ಮುಖ್ಯಸ್ಥ ಹರ್ಬ್ ಕೆಲೆಹರ್ ಅವರು ತಮ್ಮ ವೇತನವನ್ನೂ ಐದು ವರ್ಷ ಹಾಗೆಯೇ ನಿಲ್ಲಿಸಿಕೊಂಡರು. ಅಗ್ಗದ ಟಿಕೇಟಿಗೆ ಸಂಘವೇ ಶತ್ರು ಎಂಬ ವಾದ ಸೌತ್‌ವೆಸ್ಟಿನ ಮುಂದೆ ನಿಲ್ಲುವುದಿಲ್ಲ.

ನಮ್ಮ ದೇಶದ ಅಗ್ಗದರದ ಸಂಸ್ಥೆಗಳಲ್ಲಿ ಇಂಥ ಮೇಜು ಇನ್ನೂ ಸರಿಯಾಗಿ ಸಿದ್ಧವಾಗಿಲ್ಲ. ಮೇಲಾಗಿ 2017ರ ನಿಯಮದಂತೆ ಕೆಲಸ ಬಿಡಬೇಕಾದ ಕ್ಯಾಪ್ಟನ್ ಒಂದು ವರ್ಷ, ಸಹವೈಮಾನಿಕರು ಆರು ತಿಂಗಳು ಮುಂಚಿತವಾಗಿ ತಿಳಿಸಬೇಕು. ಕೆಲಸಗಾರನ ಕೈಯಲ್ಲಿರುವ ಕೊನೆಯ ಬಲವೆಂದರೆ ಬಿಟ್ಟು ಹೋಗುವ ಸ್ವಾತಂತ್ರ್ಯ. ಅದಕ್ಕೇ ವರ್ಷದ ಬೀಗ ಬಿದ್ದರೆ ಮಾತುಕತೆಗೆ ಏನು ತೂಕ? ಇಂಡಿಗೊ ಸಂಸ್ಥೆ 2020ರಲ್ಲಿ ಪೈಲಟ್ಟುಗಳ ವೇತನವನ್ನು ಶೇಕಡಾ 28ರವರೆಗೆ ಕಡಿತಗೊಳಿಸಿತು. 2022ರ ಏಪ್ರಿಲ್‌ನಲ್ಲಿ ಅದರ ಒಂದು ಅಂಶವನ್ನಷ್ಟೇ ಹಿಂದಿರುಗಿಸಿದಾಗ ಕೆಲವರು ಮುಷ್ಕರದ ಯೋಚನೆ ಮಾಡಿದರು, ಅಂಥವರು ಅಮಾನತಾದರು. ಹೀಗೆ ಎದುರು ನಿಂತು ಮಾತನಾಡುವ ದಾರಿ ಮುಚ್ಚಿದಾಗ ಜನ ಹಿತ್ತಿಲ ಬಾಗಿಲು ಹುಡುಕುತ್ತಾರೆ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಕ್ಯಾಬಿನ್ ಸಿಬ್ಬಂದಿ ಒಟ್ಟೊಟ್ಟಿಗೆ ಕಾಯಿಲೆಯ ರಜೆ ಹಾಕಿದ್ದು ಹಾಗೆಯೇ. ಅವರು ಪೈಲಟ್ಟುಗಳಲ್ಲದಿದ್ದರೂ ಸಂಕಟ ಒಂದೇ ಜಾತಿಯದು. ಸಂಸ್ಥೆ ಇಪ್ಪತ್ತೈದು ಮಂದಿಯನ್ನು ಕೆಲಸದಿಂದ ತೆಗೆಯಿತು; ದೆಹಲಿಯಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಮಾತುಕತೆ ನಡೆದು ಅವರನ್ನು ಮರಳಿ ತೆಗೆದುಕೊಂಡಿತು. ಕಾಯಿಲೆಯ ನೆಪವನ್ನು ನಾನು ಒಪ್ಪುವುದಿಲ್ಲ. ಆದರೆ ಒಂದೇ ದಿನದ ಸಂಧಾನದಿಂದ ಮುಗಿದ ಜಗಳವನ್ನು ಅದಕ್ಕೆ ಮುಂಚೆಯೇ ಏಕೆ ಕುಳಿತು ಮುಗಿಸಲಿಲ್ಲ ಎಂದೂ ಕೇಳಬೇಕಲ್ಲ.

ಡಿಸೆಂಬರ್ 2025ರ ಘಟನೆಯ ಬೇರು ಇಲ್ಲಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿಯೇ ಹೊಸ ನಿಯಮಗಳನ್ನು ಪ್ರಕಟಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ. ರಾತ್ರಿಯೆಂದರೆ ಹನ್ನೆರಡರಿಂದ ಐದರವರೆಗಲ್ಲ, ಆರರವರೆಗೆ. ರಾತ್ರಿಯ ಪಾಳಿಯಲ್ಲಿ ಆರು ಸಲ ಇಳಿಸಬಹುದಿದ್ದುದು ಇನ್ನು ಎರಡೇ ಸಲ. ಪೈಲಟ್ಟುಗಳ ಸಂಘಟನೆಗಳು ಬಹುಕಾಲದಿಂದ ಕೇಳುತ್ತಿದ್ದುದು ಇದನ್ನೇ. 2024ರ ಜೂನ್ ಒಂದರಿಂದ ಜಾರಿಯಾಗಬೇಕಿದ್ದ ನಿಯಮಗಳು ಮುಂದಕ್ಕೆ ಹೋಗಿ, ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ವಿಷಯ ನಡೆದು, ಕೊನೆಗೆ ಎರಡು ಕಂತುಗಳಲ್ಲಿ 2025ರ ಜುಲೈ ಮತ್ತು ನವೆಂಬರ್ ತಿಂಗಳ ಮೊದಲ ದಿನಗಳಿಂದ ಜಾರಿಗೆ ಬಂದವು. ಸುಮಾರು ಎರಡು ವರ್ಷಗಳ ಕಾಲಾವಕಾಶ! ಹೆಚ್ಚು ವಿಶ್ರಾಂತಿ ಕೊಡಬೇಕಾದರೆ ಹೆಚ್ಚು ಜನ ಬೇಕು ಎಂಬುದು ನನ್ನಂಥ ಡಿಪೋ ಗುಮಾಸ್ತನಿಗೂ ತಿಳಿಯುವ ಲೆಕ್ಕ. ಆ ಲೆಕ್ಕಕ್ಕೆ ತಕ್ಕ ಸಿದ್ಧತೆಯಿಲ್ಲದೆ ಚಳಿಗಾಲದ ವೇಳಾಪಟ್ಟಿಯನ್ನು ಹಿಗ್ಗಿಸಿದಾಗ ಪಟ್ಟಿ ಹರಿಯಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ನಿಂತವು. ಪೈಲಟ್ಟುಗಳು ಮುಷ್ಕರ ಹೂಡಿರಲಿಲ್ಲ ಎಂಬುದನ್ನು ಮಂಟಪದ ಪಂಕ್ತಿಯಲ್ಲಿ ಕುಳಿತವರು ಗಮನಿಸಲೇ ಇಲ್ಲ. ಸರಕಾರ ಆ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ರಾತ್ರಿಯ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ರಜೆಯನ್ನು ವಾರದ ವಿಶ್ರಾಂತಿಗೆ ಬದಲಾಗಿ ಎಣಿಸಬಾರದೆಂಬ ಕಟ್ಟಳೆಯನ್ನು ಎಲ್ಲ ಸಂಸ್ಥೆಗಳ ಮಟ್ಟಿಗೂ ಹಿಂತೆಗೆದುಕೊಂಡಿತು. ಜನವರಿಯಲ್ಲಿ ಸಂಸ್ಥೆಗೆ 22.20 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡವೇನೋ ಸರಿ. ಆದರೆ ಪಟ್ಟಿ ತಪ್ಪಿದವರು ಒಬ್ಬರು, ವಿಶ್ರಾಂತಿಯನ್ನು ಬಿಟ್ಟುಕೊಟ್ಟವರು ಇನ್ನೊಬ್ಬರು ಎಂಬುದು ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತದೆ.

ಸಂಸ್ಥೆಗಳ ಪಕ್ಷದಲ್ಲಿಯೂ ಹೇಳಬೇಕಾದ ಮಾತಿದೆ. ವಿಮಾನ ವ್ಯಾಪಾರ ತೆಳುವಾದ ಲಾಭದ ವ್ಯಾಪಾರ. ಏರ್ ಡೆಕ್ಕನ್ನನ್ನು ಒಳಗೊಂಡ ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ತಿಂಗಳುಗಟ್ಟಲೆ ಸಂಬಳ ಬಾಕಿಯಿಟ್ಟು ನಿಂತುಹೋಯಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ದಿವಾಳಿಯ ಅರ್ಜಿ ಹಾಕಿತು. 2025ರ ಜನವರಿಯಲ್ಲಿ ಅದರ ಆಸ್ತಿ ವಿಲೇವಾರಿಗೆ ಆದೇಶವಾಯಿತು. ಸಂಸ್ಥೆಯೇ ಮುಳುಗಿದರೆ ಉತ್ತಮ ಒಪ್ಪಂದಪತ್ರ ಬರಿಯ ಕಾಗದ. ನನ್ನ ತಮ್ಮನ ಮಗಳೂ ಇದನ್ನು ಬಲ್ಲಳು. "ದೊಡ್ಡಪ್ಪಾ, ಸಂಬಳ ಐದು ಸಾವಿರ ಕಡಿಮೆಯಾದರೂ ಸರಿ, ಮುಂದಿನ ತಿಂಗಳ ಪಟ್ಟಿ ಹದಿನೈದು ದಿನ ಮೊದಲೇ ಕೈಗೆ ಬರಲಿ, ಬಂದ ಮೇಲೆ ಬದಲಾಗದಿರಲಿ" ಎಂದು ಒಮ್ಮೆ ಹೇಳಿದಳು. ದಣಿವಾಗಿದೆಯೆಂದು ಹೇಳಿ ಹಾರಾಟದಿಂದ ಹಿಂದೆ ಸರಿಯಲು ಪೈಲಟ್ಟಿಗೆ ಹಕ್ಕಿದೆ. ಆದರೆ ಆ ಹಕ್ಕನ್ನು ಬಳಸಿದವರನ್ನು ಅಧಿಕಾರಿಗಳು ಕರೆಸಿ ವಿಚಾರಿಸುವ ರೀತಿಯಿಂದ ಮುಂದಿನ ಸಲ ಬಾಯಿ ತೆರೆಯದಂತಾಗುತ್ತದೆ ಎಂದೂ ಹೇಳಿದಳು. ಆಕೆಯನ್ನೂ ಒಮ್ಮೆ ಹಾಗೆ ಕರೆಸಿದ್ದರು. ಅಂದು ಸಂಜೆ ಫೋನಿನಲ್ಲಿ ಆಕೆಯ ಧ್ವನಿ ನಡುಗುತ್ತಿತ್ತು; ಕೆಲಸ ಹೋಗುವ ಭಯಕ್ಕಲ್ಲ, ಸುಳ್ಳು ಹೇಳುತ್ತಿದ್ದಾಳೆಂಬ ಅರ್ಥ ಬರುವಂತೆ ಕೇಳಿದರೆಂಬ ನೋವಿಗೆ. ಮಂಗಳೂರಿನ ವರದಿಯನ್ನು ಓದಿದ್ದ ನಾನು, ನೀನು ಮಾಡಿದ್ದು ಸರಿ ಎಂದಷ್ಟೇ ಹೇಳಿದೆ.

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರು ತಮ್ಮ ಮಗನನ್ನು ಇದೇ ವಿದ್ಯೆಗೆ ಕಳುಹಿಸಬೇಕೆಂದು, ನಾಲ್ಕು ಎಕರೆ ಜಮೀನಿಗೆ ಗಿರಾಕಿ ಹುಡುಕಿಕೊಡಿರೆಂದು ಬಂದಿದ್ದರು. ನಾನು ಬೇಡವೆನ್ನಲಿಲ್ಲ. ತಮ್ಮನ ಮಗಳಿಗೆ ಫೋನು ಹಚ್ಚಿ ಹುಡುಗನ ಕೈಗೇ ಕೊಟ್ಟೆ. ಆಕೆ ಅರ್ಧ ಗಂಟೆ ಮಾತನಾಡಿದಳು. ಮೊದಲು ಎರಡನೆಯ ದರ್ಜೆಯ, ಆಮೇಲೆ ಒಂದನೆಯ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಒಂದು ರೂಪಾಯಿಯನ್ನೂ ಶಾಲೆಗೆ ಕಟ್ಟಬೇಡ. ಕೆಲಸ ಕೊಡಿಸುವ ಭರವಸೆ ಕೊಟ್ಟು ಹಣ ಕೇಳುವವರನ್ನು ನಂಬಬೇಡ. ನಾಳೆ ಕರಾರುಪತ್ರ ಕೈಗೆ ಬಂದಾಗ ಸಂಬಳದ ಅಂಕಿಗಿಂತ ಮೊದಲು ಖಾತರಿಯ ಗಂಟೆ ಎಷ್ಟು, ತರಬೇತಿಯ ಬಾಂಡು ಎಷ್ಟು ವರ್ಷದ್ದು, ನೆಲೆಯ ಊರನ್ನು ಯಾರು ನಿರ್ಧರಿಸುತ್ತಾರೆ ಎಂಬುದನ್ನು ಓದು. ಓದದೆ ರುಜು ಹಾಕಬೇಡ ಎಂದಳಂತೆ. ಹುಡುಗ ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ವೈದ್ಯಕೀಯ ಪರೀಕ್ಷೆಗೆ ದಿನ ಗೊತ್ತಾಗಿದೆ. ಜಮೀನಿನ ಮಾತನ್ನು ಅದರ ಫಲಿತಾಂಶ ಬರುವವರೆಗೆ ಎತ್ತಬಾರದೆಂದು ಅವರ ಮನೆಯಲ್ಲಿ ತೀರ್ಮಾನವಾಗಿದೆ.